ಛಾವಣಿಯ ಕೆಳಗೊಂದು ಊರು: ‘ಬಿಳಿ ರಾತ್ರಿಗಳು’ ತೆರೆಗೆ ಬಂದ ಬಗೆ

ಇಟಲಿಯ ಲುಕಿನೋ ವಿಸ್ಕೋಂತಿ ನಿರ್ದೇಶಿಸಿ 1957ರಲ್ಲಿ ತೆರೆ ಕಂಡ ‘ಲೆ ನೊತ್ತಿ ಬಿಯಾಂಕೆ’ ಎಂಬ ಕಪ್ಪು-ಬಿಳುಪು ಚಿತ್ರದ ಹೆಸರಿಗೆ ‘ಬಿಳಿ ರಾತ್ರಿಗಳು’ ಎಂದರ್ಥ. ಇದೇ ಹೆಸರಿನ ರಷ್ಯನ್ ನೀಳ್ಗತೆಯನ್ನು ಫ್ಯೋದೊರ್ ದಾಸ್ತೊಯೆವ್‌ಸ್ಕಿ ಬರೆದದ್ದು 1848ರಲ್ಲಿ. ಕೈಗೂಡದ ಪ್ರೀತಿಯ ಕಥೆಗಳಲ್ಲಿ ಇದರಷ್ಟು ಸಲ ಸಿನಿಮಾ ಆದವು ಕಡಿಮೆ. ಆದವುಗಳ ಪೈಕಿ ವಿಸ್ಕೋಂತಿಯ ಚಿತ್ರಕ್ಕೆ ಮೊದಲ ಮಣೆ. ಕಥೆ ಪೀಟರ್ಸ್‌ಬರ್ಗಿನದು. ಚಿತ್ರ ತೋರಿಸುವುದು ಇಟಲಿಯ ಬಂದರು ಪಟ್ಟಣ ಲಿವೊರ್ನೊವನ್ನು ಹೋಲುವ ಒಂದು ಊರನ್ನು. ಕ್ಯಾಮೆರಾ ಓಡಿದ್ದು ಮಾತ್ರ ಇವೆರಡೂ ಅಲ್ಲದ ಕಡೆ, ರೋಮ್ ನಗರದ ಅಂಚಿನಲ್ಲಿರುವ ಚಿನೆಚಿತ್ತಾ ಸ್ಟುಡಿಯೋದ ಛಾವಣಿಯ ಕೆಳಗೆ. ಹಾಗಾಗಿ ಈ ಚಿತ್ರದ ಚರಿತ್ರೆ ಎಂದರೆ ಮೂರು ಊರುಗಳ ಚರಿತ್ರೆ; ಅದರಲ್ಲಿ ಒಂದು ಊರು ಹಲಗೆ, ಬಣ್ಣ, ಬಟ್ಟೆಯದು.

ಮೊದಲಿನದು ಪೀಟರ್ಸ್‌ಬರ್ಗ್. ಚಕ್ರವರ್ತಿ ಪೀಟರ್ 1703ರಲ್ಲಿ ನೇವಾ ನದಿಯ ಮುಖಜ ಭೂಮಿಯ ಜೌಗಿನಲ್ಲಿ ಅಡಿಪಾಯ ಹಾಕಿಸಿದ ರಾಜಧಾನಿ ಅದು. ತಾನಾಗಿ ಬೆಳೆದ ಊರಲ್ಲ, ಒಬ್ಬ ಅರಸನ ಹಟದಿಂದ ನೀರಿನ ಮೇಲೆ ಎದ್ದು ನಿಂತ ಊರು. ಭೂಮಧ್ಯರೇಖೆಯಿಂದ ಸುಮಾರು 60 ಡಿಗ್ರಿ ಉತ್ತರದಲ್ಲಿ ಇರುವುದರಿಂದ ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗಿದರೂ ದಿಗಂತದಿಂದ ಬಹಳ ಕೆಳಗೆ ಇಳಿಯುವುದಿಲ್ಲ. ನಡುರಾತ್ರಿಯಲ್ಲೂ ಆಕಾಶ ತಿಳಿಬೂದು ಬಣ್ಣದ್ದು. 13 ಡಿಗ್ರಿಯ ಬೆಂಗಳೂರಿನಲ್ಲಿ ಸಂಜೆ ಸೂರ್ಯ ಇಳಿದು ಮುಕ್ಕಾಲು ಗಂಟೆಯೊಳಗೆ ಕತ್ತಲು ಕವಿಯುವುದನ್ನು ಕಂಡವರಿಗೆ ಇದು ಊಹೆಗೆ ನಿಲುಕುವುದು ಕಷ್ಟ: ದೀಪ ಹಚ್ಚಬೇಕಾದ ಹೊತ್ತಿನಲ್ಲಿ ಬೀದಿಯ ತುಂಬ ಮುಸ್ಸಂಜೆಯ ಬೆಳಕು, ಆ ಮುಸ್ಸಂಜೆಗೆ ಕೊನೆಯೇ ಇಲ್ಲದೆ ಅದು ಹಾಗೆಯೇ ಮುಂಜಾವಿಗೆ ಕೂಡಿಕೊಳ್ಳುವುದು. ಇದನ್ನೇ ಅಲ್ಲಿಯವರು ಬಿಳಿ ರಾತ್ರಿ ಎನ್ನುತ್ತಾರೆ. ಉಳ್ಳವರು ಆ ದಿನಗಳಲ್ಲಿ ಊರು ಬಿಟ್ಟು ಬೇಸಿಗೆ ಮನೆಗಳಿಗೆ ಹೋಗುವುದು ವಾಡಿಕೆ. ಬೆಳಕಿದ್ದೂ ಜನರಿಲ್ಲದ ಆ ಬೀದಿಗಳಲ್ಲಿ ಉಳಿದುಹೋದವನ ಕಥೆಯೇ ‘ಬಿಳಿ ರಾತ್ರಿಗಳು’.

ಕಥೆ ಹೇಳುವವನಿಗೆ ಹೆಸರಿಲ್ಲ, ವಯಸ್ಸು 26. ಎಂಟು ವರ್ಷದಿಂದ ಆ ಊರಲ್ಲಿದ್ದರೂ ಒಬ್ಬನ ಪರಿಚಯವೂ ಇಲ್ಲ. ದಾರಿಯಲ್ಲಿ ಸಿಗುವ ಮನೆಗಳೇ ಅವನನ್ನು ಮಾತನಾಡಿಸುತ್ತವೆ. ತನಗೆ ಅಚ್ಚುಮೆಚ್ಚಾದ ಒಂದು ಮನೆಗೆ ಯಾರೋ ಹಳದಿ ಬಣ್ಣ ಬಳಿದರೆಂದು ಕೊರಗುವಷ್ಟು ಅವನು ಒಂಟಿ. ಒಂದು ರಾತ್ರಿ ಕಾಲುವೆಯ ಕಟಕಟೆಗೆ ಒರಗಿ ಅಳುತ್ತಿರುವ 17ರ ಹುಡುಗಿ ನಾಸ್ತೆಂಕಾ ಕಣ್ಣಿಗೆ ಬೀಳುತ್ತಾಳೆ. ಕಣ್ಣು ಕಾಣದ ಅವಳ ಅಜ್ಜಿ ಮೊಮ್ಮಗಳು ಹಾದಿ ತಪ್ಪಬಾರದೆಂದು ಅವಳ ಬಟ್ಟೆಯನ್ನು ತನ್ನ ಬಟ್ಟೆಗೆ ಪಿನ್ನು ಹಾಕಿ ಕೂರಿಸಿಕೊಂಡವಳು. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಯುವಕ ಅಜ್ಜಿ ಮೊಮ್ಮಗಳಿಬ್ಬರನ್ನೂ ‘ದಿ ಬಾರ್ಬರ್ ಆಫ್ ಸೆವಿಲ್’ ಸಂಗೀತನಾಟಕಕ್ಕೆ ಕರೆದೊಯ್ದಿದ್ದ. ಆಮೇಲೆ ಒಂದು ವರ್ಷದಲ್ಲಿ ಮರಳಿ ಬರುತ್ತೇನೆಂದು ಮಾತು ಕೊಟ್ಟು ಮಾಸ್ಕೋಗೆ ಹೊರಟುಹೋದ. ವರ್ಷ ಕಳೆದಿದೆ, ಅವನು ಊರಿಗೆ ಬಂದಿರುವ ಸುದ್ದಿಯೂ ಅವಳಿಗೆ ತಿಳಿದಿದೆ, ಆದರೆ ಅವನು ಅವಳ ಬಳಿಗೆ ಬಂದಿಲ್ಲ. ಅವಳ ಕಾಗದವನ್ನು ತಲುಪಿಸುವ ಕೆಲಸವನ್ನು ಕಥೆ ಹೇಳುವ ಈ ಕನಸುಗಾರ ತಾನೇ ಹೊತ್ತುಕೊಳ್ಳುತ್ತಾನೆ, ಹಾಗೆ ಹೊರುತ್ತಲೇ ಅವಳಲ್ಲಿ ಮನಸ್ಸಿಡುತ್ತಾನೆ. ನಾಲ್ಕನೆಯ ರಾತ್ರಿ ಅವಳು ಬಾಡಿಗೆದಾರನ ಆಸೆ ಬಿಟ್ಟು ಇವನ ಕೈ ಹಿಡಿಯಲು ಒಪ್ಪಿದ ಕೆಲವೇ ನಿಮಿಷಗಳಲ್ಲಿ ಆತ ಎದುರಿಗೆ ಬಂದು ನಿಲ್ಲುತ್ತಾನೆ.

ಈ ಕಥೆ 1848ರ ಕೊನೆಗೆ ‘ಒತೆಚೆಸ್ತ್ವೆನ್ನಿಯೆ ಜಾಪಿಸ್ಕಿ’ ಪತ್ರಿಕೆಯಲ್ಲಿ ಅಚ್ಚಾದಾಗ ದಾಸ್ತೊಯೆವ್‌ಸ್ಕಿಗೆ 27 ವರ್ಷ. ಹಿಂದಿನ ವರ್ಷವಷ್ಟೇ ಪೀಟರ್ಸ್‌ಬರ್ಗಿನ ದಿನಪತ್ರಿಕೆಗೆ ಬರೆದ ಅಂಕಣಗಳಲ್ಲಿ ಆತ ಈ ಕನಸುಗಾರ ಎಂಬ ಜಾತಿಯ ಮನುಷ್ಯನನ್ನು ವಿವರಿಸಿದ್ದ. ಕಥೆ ಬಂದ ನಾಲ್ಕೈದು ತಿಂಗಳಿಗೆ, 1849ರ ಏಪ್ರಿಲ್‌ನಲ್ಲಿ, ಪೆತ್ರಾಶೆವ್‌ಸ್ಕಿ ಎಂಬವನ ಸುತ್ತ ಸೇರಿ ನಿಷೇಧಿತ ವಿಚಾರಗಳನ್ನು ಚರ್ಚಿಸುತ್ತಿದ್ದ ಬಳಗದ ಸಂಗಡ ಸರ್ಕಾರ ಅವನನ್ನು ಬಂಧಿಸಿತು. ಡಿಸೆಂಬರ್‌ನಲ್ಲಿ ಕೊಲ್ಲುವ ಕಂಬದವರೆಗೂ ಒಯ್ದು, ಕೊನೆಯ ಗಳಿಗೆಯಲ್ಲಿ ಶಿಕ್ಷೆ ಇಳಿಸಿ, ಸೈಬೀರಿಯಾಕ್ಕೆ ಅಟ್ಟಿತು. ಮುಂದಿನ ದೊಡ್ಡ ಕಾದಂಬರಿಗಳ ದಾಸ್ತೊಯೆವ್‌ಸ್ಕಿ ಹುಟ್ಟಿದ್ದು ಆ ಸೆರೆಯ ಆಚೆ. ‘ಬಿಳಿ ರಾತ್ರಿಗಳು’ ಸೆರೆಗೆ ಮುಂಚಿನ ಬರಹ. ಕೊಲೆಯಿಲ್ಲ, ಪಾಪಪ್ರಜ್ಞೆಯ ವಾದವಿವಾದವಿಲ್ಲ. ಪ್ರೀತಿ ಸಿಗದವನು ಸಿಕ್ಕವಳಿಗೆ ಒಳಿತನ್ನೇ ಹಾರೈಸಿ ಸುಮ್ಮನಾಗುತ್ತಾನೆ.

ವಿಸ್ಕೋಂತಿಗೆ ಈ ಕಥೆ ಸಿಕ್ಕಿದ ಗಳಿಗೆಯೂ ಗಮನಿಸುವಂಥದು. ಮಿಲಾನಿನ ಹಳೆಯ ಶ್ರೀಮಂತ ಮನೆತನದಲ್ಲಿ 1906ರಲ್ಲಿ ಹುಟ್ಟಿ ಎಡಪಂಥಕ್ಕೆ ಒಲಿದ ಈತ, ಇಟಲಿಯ ನವವಾಸ್ತವವಾದಿ ಸಿನಿಮಾಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬ. 1943ರ ‘ಒಸ್ಸೆಸ್ಸಿಯೋನೆ’ ಆ ಮಾರ್ಗದ ಮುಂಗಾಣ್ಕೆ. 1948ರ ‘ಲಾ ತೆರ್‍ರಾ ತ್ರೇಮ’ ಚಿತ್ರಕ್ಕಾಗಿ ಸಿಸಿಲಿಯ ಮೀನುಗಾರರ ಹಳ್ಳಿಗೇ ಹೋಗಿ, ನಟರನ್ನು ಬಿಟ್ಟು ಆ ಊರಿನವರನ್ನೇ ಅವರ ಆಡುನುಡಿಯಲ್ಲಿ ಮಾತನಾಡಿಸಿದ್ದ. ಯುದ್ಧದ ನಂತರದ ಇಟಲಿಯಲ್ಲಿ ಸ್ಟುಡಿಯೋ ಬಿಟ್ಟು ಬೀದಿಗಿಳಿಯುವುದು ನಿರ್ದೇಶಕನ ಪ್ರಾಮಾಣಿಕತೆಯ ಗುರುತೇ ಆಗಿಹೋಗಿತ್ತು. ಅಂಥವನು 1957ರಲ್ಲಿ ಇಡೀ ಚಿತ್ರವನ್ನು ಒಳಗೇ ಮುಗಿಸಿದಾಗ ಎಡಪಂಥೀಯ ವಿಮರ್ಶಕರಲ್ಲಿ ಹಲವರಿಗೆ ಅದು ಹಿನ್ನಡೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ವಿಸ್ಕೋಂತಿಯ ಇನ್ನೊಂದು ಕಾಲು ಸದಾ ರಂಗಭೂಮಿಯಲ್ಲಿತ್ತು. 1946ರಲ್ಲಿ ‘ಅಪರಾಧ ಮತ್ತು ಶಿಕ್ಷೆ’ಯ ರಂಗರೂಪ, 1952ರಲ್ಲಿ ಚೆಕಾವ್‌ನ ‘ಮೂವರು ಅಕ್ಕತಂಗಿಯರು’, 1955ರಲ್ಲಿ ‘ವಾನ್ಯಾ ಮಾಮ’, ಅದೇ ವರ್ಷ ಮಿಲಾನಿನ ಲಾ ಸ್ಕಾಲಾದಲ್ಲಿ ಮರಿಯಾ ಕಲಾಸ್ ಹಾಡಿದ ‘ಲಾ ತ್ರಾವಿಯಾತಾ’. ರಷ್ಯನ್ ಸಾಹಿತ್ಯ, ಬಣ್ಣದ ಪರದೆಯ ಊರು ಎರಡೂ ಅವನಿಗೆ ಹೊಸವಾಗಿರಲಿಲ್ಲ.

ಚಿತ್ರಕಥೆಯನ್ನು ಸೂಸೊ ಚೆಕ್ಕಿ ದಾಮಿಕೊ ಜೊತೆ ಕೂತು ಬರೆದ ವಿಸ್ಕೋಂತಿ ಕಥೆಯನ್ನು ತನ್ನ ಕಾಲಕ್ಕೂ ತನ್ನ ದೇಶಕ್ಕೂ ತಂದ. ಪೀಟರ್ಸ್‌ಬರ್ಗಿನ ಬದಲಿಗೆ ಕಾಲುವೆಗಳುಳ್ಳ ಇಟಲಿಯ ಊರು ಬೇಕಾಗಿತ್ತು. ವೆನಿಸ್ ಎಲ್ಲರಿಗೂ ಗೊತ್ತಿರುವ ಊರು. ಅಲ್ಲಿ ಯಾರನ್ನೂ ಅನಾಮಿಕರಾಗಿ ಅಲೆದಾಡಿಸುವುದು ಕಷ್ಟ. ಆಯ್ಕೆಯಾದದ್ದು ಲಿವೊರ್ನೊದ ‘ವೆನೆಟ್ಸಿಯಾ ನುವೋವ’, ಅಂದರೆ ಹೊಸ ವೆನಿಸ್ ಬಡಾವಣೆಯ ಮಾದರಿ.

ಲಿವೊರ್ನೊ ಕೂಡ ಪೀಟರ್ಸ್‌ಬರ್ಗಿನಂತೆ ಅರಸರ ಯೋಜನೆಯಿಂದ ಬೆಳೆದ ಬಂದರು. ತೊಸ್ಕಾನಾದ ಮೆದಿಚಿ ದೊರೆ ಒಂದನೆಯ ಫೆರ್ದಿನಾಂದೊ 1590ರ ದಶಕದಲ್ಲಿ ಎಲ್ಲ ದೇಶ, ಎಲ್ಲ ಮತದ ವ್ಯಾಪಾರಿಗಳನ್ನು ಅಲ್ಲಿಗೆ ಕರೆದು, ಅವರವರ ದೇವರನ್ನು ಪೂಜಿಸುವ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ಬರೆದುಕೊಟ್ಟ. ಸ್ಪೇನ್, ಪೋರ್ಚುಗಲ್‌ಗಳಿಂದ ಓಡಿಬಂದ ಯೆಹೂದಿಗಳು, ಗ್ರೀಕರು, ಆರ್ಮೇನಿಯನ್ನರು, ಇಂಗ್ಲಿಷರು ಅಲ್ಲಿ ನೆಲೆ ನಿಂತರು. ಸರಕು ಹೇರಿದ ದೋಣಿ ನೇರವಾಗಿ ಗೋದಾಮಿನ ಬಾಗಿಲಿಗೇ ಬರಲೆಂದು 1629ರಿಂದ ಹೊಸ ಬಡಾವಣೆಯನ್ನು ಕಾಲುವೆಗಳ ಮೇಲೆ ಕಟ್ಟಿದರು. ನೀರಿನಲ್ಲಿ ಬುನಾದಿ ಹಾಕಬಲ್ಲ ಕಸುಬುದಾರರು ವೆನಿಸ್ಸಿನಿಂದಲೇ ಬಂದರು. ಮೂರು ಶತಮಾನ ಬದುಕಿದ ಆ ಊರಿನ ಮೇಲೆ 1943ರಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬು ಸುರಿದು ನಡುಪಟ್ಟಣವನ್ನು ಕಲ್ಲಿನ ರಾಶಿ ಮಾಡಿದವು. ವಿಸ್ಕೋಂತಿಯ ಚಿತ್ರದಲ್ಲಿ ಕಾಲುವೆಯ ಬದಿಗೆ ಅರೆಕುಸಿದ ಗೋಡೆಗಳು ಕಾಣುತ್ತವೆ. ಯುದ್ಧದ ಬಗ್ಗೆ ಚಿತ್ರ ಒಂದು ಮಾತನ್ನೂ ಆಡುವುದಿಲ್ಲ, ಆದರೆ ಆ ಗೋಡೆಗಳು ಅಲ್ಲಿವೆ. ನವವಾಸ್ತವವಾದವನ್ನು ವಿಸ್ಕೋಂತಿ ಪೂರ್ತಿ ಕೈಬಿಟ್ಟ ಎನ್ನುವವರು ಅವನ್ನು ಇನ್ನೊಮ್ಮೆ ನೋಡಬೇಕು.

ಮೂರನೆಯ ಊರು ಎದ್ದದ್ದು ಚಿನೆಚಿತ್ತಾದಲ್ಲಿ. ಮುಸೊಲಿನಿ 1937ರ ಏಪ್ರಿಲ್‌ನಲ್ಲಿ ಉದ್ಘಾಟಿಸಿದ ಆ ಸ್ಟುಡಿಯೋ ಯುದ್ಧದ ಕೊನೆಗೆ ಮನೆಮಠ ಕಳೆದುಕೊಂಡ ನಿರಾಶ್ರಿತರ ಶಿಬಿರವಾಗಿತ್ತು. ಐವತ್ತರ ದಶಕದಲ್ಲಿ ಅಮೆರಿಕದ ಕಂಪನಿಗಳು ‘ಕ್ವೊ ವಾದಿಸ್’ನಂಥ ಭಾರಿ ಚಿತ್ರಗಳನ್ನು ಅಲ್ಲಿ ತೆಗೆಯತೊಡಗಿದ ಮೇಲೆ ಸೆಟ್ ಕಟ್ಟುವ ಬಡಗಿಗಳು, ಗಾರೆ ಕೆಲಸದವರು, ಬಣ್ಣಗಾರರ ಒಂದು ಪಳಗಿದ ಪಡೆಯೇ ಬೆಳೆದಿತ್ತು. ಕಲಾ ನಿರ್ದೇಶಕರಾದ ಮಾರಿಯೊ ಕಿಯಾರಿ ಮತ್ತು ಮಾರಿಯೊ ಗರ್ಬುಲ್ಯ ಅವರಿಂದ ವಿಸ್ಕೋಂತಿ ಕಟ್ಟಿಸಿದ್ದು ಒಂದೆರಡು ಮನೆಯ ಮುಂಗೋಡೆಗಳನ್ನಲ್ಲ; ನೀರು ತುಂಬಿದ ಕಾಲುವೆ, ಅದರ ಮೇಲೆ ಸೇತುವೆ, ಓಣಿಗಳು, ಅಂಗಡಿಸಾಲು, ಕೆಫೆ, ಪೆಟ್ರೋಲ್ ಬಂಕು ಎಲ್ಲವೂ ಇದ್ದ ಒಂದು ಮೊಹಲ್ಲಾವನ್ನು. ಕಾಲುವೆಯ ಒಂದು ದಡದಲ್ಲಿ ನಿಯಾನ್ ದೀಪಗಳು, ಸ್ಕೂಟರು, ಗಾಜಿನ ಕಿಟಕಿಯ ಅಂಗಡಿಗಳು. ಇನ್ನೊಂದು ದಡದಲ್ಲಿ ಹುಡುಗಿಯ ಹಳೇ ಮನೆ ಮತ್ತು ಅಜ್ಜಿಯ ಕಾಲ. ನಡುವೆ ಸೇತುವೆ. ಈ ಏರ್ಪಾಟು ಚಿತ್ರದ ಅರ್ಥವನ್ನು ಮಾತಿಲ್ಲದೆ ಹೇಳಿಬಿಡುತ್ತದೆ: ಅವನು ಈ ದಡದವನು, ಅವಳು ಆ ದಡದವಳು.

ಛಾಯಾಗ್ರಾಹಕ ಜುಸೆಪ್ಪೆ ರೊತುನ್ನೊಗೆ ಎದುರಾದ ಸಮಸ್ಯೆ ಮಂಜಿನದು. ಹೊಗೆ ಬಿಟ್ಟರೆ ಅದು ಒಂದು ಕಡೆ ನಿಲ್ಲದು, ಒಂದು ಶಾಟ್‌ನಿಂದ ಇನ್ನೊಂದಕ್ಕೆ ಅದರ ದಟ್ಟಣೆ ಹೊಂದದು. ಆತ ಸೊಳ್ಳೆಪರದೆಯಂಥ ತೆಳ್ಳನೆಯ ಬಲೆಬಟ್ಟೆಯ ದೊಡ್ಡ ದೊಡ್ಡ ಪರದೆಗಳನ್ನು ಓಣಿಗಳ ಆಳದಲ್ಲಿ ಇಳಿಬಿಟ್ಟು ಅವುಗಳ ಮೇಲೆ ಬೆಳಕು ಹಾಯಿಸಿದ. ದೂರದ ದೀಪಗಳು ಮಸುಕಾದವು, ಗೋಡೆಗಳ ಅಂಚು ಕರಗಿತು, ಹಿಂದಿನಿಂದ ನಡೆದುಬರುವವರು ನೆರಳಾಗಿ ಬಂದು ಹತ್ತಿರವಾದಂತೆ ಮನುಷ್ಯರಾದರು. ಹುಡುಗಿ ತನ್ನ ಹಿಂದಿನ ಕಥೆ ಹೇಳತೊಡಗಿದಾಗ ಸೇತುವೆಯ ಬದಿಯ ವರ್ತಮಾನ ಕಾಲದಿಂದ ಅಜ್ಜಿಯ ಮನೆಯ ಭೂತಕಾಲಕ್ಕೆ ಚಿತ್ರ ಕತ್ತರಿ ಹಾಕಿದ್ದೇ ತಿಳಿಯದಷ್ಟು ನಯವಾಗಿ ಜಾರುತ್ತದೆ. ನಿಜವಾದ ಬೀದಿಯಲ್ಲಿ ಇದು ಆಗುವ ಮಾತಲ್ಲ. ಕನಸುಗಾರನಿಗೆ ಊರು ಎಂದರೆ ತನ್ನ ಮನಸ್ಸಿನಲ್ಲಿ ಇರುವ ಊರು. ಅದನ್ನು ಕಟ್ಟಿಯೇ ತೋರಿಸಬೇಕು. ವಿಸ್ಕೋಂತಿಯ ನಿರ್ಧಾರ ಸರಿಯೆಂದು ಮನಗಾಣಿಸುವುದು ಈ ದೃಶ್ಯಗಳೇ.

ಹೆಸರಿಲ್ಲದ ಕಥೆಗಾರ ಚಿತ್ರದಲ್ಲಿ ಮಾರಿಯೊ ಆದ: ಆ ಊರಿಗೆ ಹೊಸದಾಗಿ ವರ್ಗವಾಗಿ ಬಂದ ಗುಮಾಸ್ತ. ಆ ಪಾತ್ರಕ್ಕೆ ಬಂದ ಮಾರ್ಚೆಲ್ಲೊ ಮಾಸ್ತ್ರೊಯಾನಿ ವಿಸ್ಕೋಂತಿಯ ನಾಟಕ ತಂಡದಲ್ಲಿ 1948ರಿಂದ ಪಳಗಿದವನು, ತೆರೆಯ ಮೇಲೆ ಮಾತ್ರ ಅಲ್ಲಿಯವರೆಗೆ ನಗೆಚಿತ್ರಗಳ ಒಳ್ಳೇ ಹುಡುಗ. ನಾಸ್ತೆಂಕಾ ನತಾಲಿಯಾ ಆದಳು. ಹಿಂದಿನ ವರ್ಷವಷ್ಟೇ ವೆನಿಸ್ ಉತ್ಸವದಲ್ಲಿ ಉತ್ತಮ ನಟಿಯಾಗಿದ್ದ ಮರಿಯಾ ಶೆಲ್ ಅವಳ ಪಾತ್ರಧಾರಿ. ಬಾಡಿಗೆದಾರನಿಗೆ ಇಲ್ಲೂ ಹೆಸರಿಲ್ಲ. ಫ್ರಾನ್ಸಿನ ಜಾನ್ ಮರೈ ಕಲ್ಲಿನ ಪ್ರತಿಮೆಯಂತೆ ನಿಂತು ಅವನನ್ನು ಅರ್ಧ ಮನುಷ್ಯ, ಅರ್ಧ ಕಲ್ಪನೆ ಮಾಡಿದ. ಸೇತುವೆಯ ಆಸುಪಾಸಿನಲ್ಲಿ ಗಿರಾಕಿಗಾಗಿ ಕಾಯುವ ವೇಶ್ಯೆಯಾಗಿ ಕ್ಲಾರಾ ಕಲಮಾಯಿ ಇದ್ದಾಳೆ. ಹದಿನಾಲ್ಕು ವರ್ಷದ ಹಿಂದೆ ‘ಒಸ್ಸೆಸ್ಸಿಯೋನೆ’ಯ ನಾಯಕಿಯಾಗಿದ್ದವಳು ಅವಳೇ.

ಕಥೆಗೂ ಚಿತ್ರಕ್ಕೂ ಇರುವ ವ್ಯತ್ಯಾಸಗಳಲ್ಲಿ ಮುಖ್ಯವಾದುದು ಒಂದು ಕಾಗದದ್ದು. ದಾಸ್ತೊಯೆವ್‌ಸ್ಕಿಯ ಕನಸುಗಾರ ನಾಸ್ತೆಂಕಾಳ ಕಾಗದವನ್ನು ಒಯ್ದು ಮುಟ್ಟಿಸುತ್ತಾನೆ. ಉತ್ತರ ಬರುವುದಿಲ್ಲ, ಅದು ಅವನ ತಪ್ಪಲ್ಲ. ಚಿತ್ರದ ಮಾರಿಯೊ ಹಾಗಲ್ಲ. ನತಾಲಿಯಾ ನಂಬಿ ಕೊಟ್ಟ ಕಾಗದ ಅವನ ಕೈಯಲ್ಲಿದೆ, ಅವಳು ಹೋದಮೇಲೆ ಸೇತುವೆಯ ಬಳಿ ಅದನ್ನು ಹರಿದು ಚೂರುಗಳನ್ನು ಕಾಲುವೆಗೆ ಬಿಡುತ್ತಾನೆ. ಬಿಳಿಯ ಚೂರುಗಳು ಕಪ್ಪು ನೀರಿನ ಮೇಲೆ ತೇಲಿಹೋಗುತ್ತವೆ. ಈ ಒಂದು ಕೆಲಸದಿಂದ ಕಥೆಯ ನೀತಿಯ ತೂಕವೇ ಬದಲಾಗುತ್ತದೆ. ಮೂಲದಲ್ಲಿ ಪ್ರೀತಿಸಿದವನು ನಿರಪರಾಧಿ, ಸೋಲು ವಿಧಿಯದು. ಇಲ್ಲಿ ಅವನು ಪ್ರೀತಿಗಾಗಿ ಮೋಸ ಮಾಡಿದವನು. ಮಾರನೆಯ ದಿನ ಅವಳ ಕಣ್ಣು ತಪ್ಪಿಸಿ ಓಡಾಡುವಾಗ ಮಾಸ್ತ್ರೊಯಾನಿಯ ಮುಖದಲ್ಲಿ ಕಾಣುವುದು ನಾಚಿಕೆ. ಕೊನೆಗೆ ಬಾಡಿಗೆದಾರ ಯಾವ ಕಾಗದದ ಹಂಗೂ ಇಲ್ಲದೆ ತಾನಾಗಿ ಬಂದು ನಿಂತಾಗ, ಅವಳ ನಂಬಿಕೆ ನಿಜವಾಯಿತೆಂಬುದರ ಜೊತೆಗೆ ಇವನ ಮೋಸ ವ್ಯರ್ಥವಾಯಿತೆಂಬುದೂ ತಿಳಿಯುತ್ತದೆ. ದಾಸ್ತೊಯೆವ್‌ಸ್ಕಿ ಸೈಬೀರಿಯಾದಿಂದ ಮರಳಿ ಬರೆದ ಕಾದಂಬರಿಗಳ ಅಪರಾಧಭಾವವನ್ನು ವಿಸ್ಕೋಂತಿ ಅವನ ಎಳೆಯ ದಿನಗಳ ಕಥೆಯೊಳಕ್ಕೆ ತಂದು ಕೂರಿಸಿದ. ಕಥೆಯನ್ನು ಯಥಾವತ್ತಾಗಿ ಉಳಿಸಿಕೊಂಡ ಯಾವ ಚಿತ್ರಕ್ಕೂ ಈ ಬಿರುಸು ದಕ್ಕಿಲ್ಲ.

ಇನ್ನೊಂದು ಸೇರ್ಪಡೆ ನೃತ್ಯದ ದೃಶ್ಯ. ನತಾಲಿಯಾ, ಮಾರಿಯೊ ಒಂದು ಡಾನ್ಸ್ ಹಾಲ್ ಹೊಕ್ಕಾಗ ಬಿಲ್ ಹೇಲಿಯ ರಾಕ್ ಅಂಡ್ ರೋಲ್ ಹಾಡು ಅಬ್ಬರಿಸುತ್ತಿದೆ. ಊರಿನ ಹುಡುಗರು ಮೈ ಬಳುಕಿಸಿ ಕುಣಿಯುತ್ತಾರೆ. ನತಾಲಿಯಾ ಕಣ್ಣರಳಿಸಿ ನೋಡುತ್ತಾಳೆ. ಅವಳ ಮೆಚ್ಚುಗೆ ಗಳಿಸಲು ಕುಣಿತ ಬಾರದ ಮಾರಿಯೊ ನಡುವೆ ಇಳಿದು ಕೈಕಾಲು ಎಸೆಯುತ್ತಾನೆ. ಎಡವಟ್ಟಾದ ಆ ಕುಣಿತದಲ್ಲಿ ಅವನಿಗೆ ಮೊದಲ ಸಲ ನಾಚಿಕೆ ಬಿಟ್ಟುಹೋಗುತ್ತದೆ. ಅಷ್ಟರಲ್ಲಿ ಗಂಟೆ ಹತ್ತು ದಾಟಿದ್ದು ನತಾಲಿಯಾಳಿಗೆ ತಿಳಿಯುತ್ತದೆ. ಹತ್ತು ಗಂಟೆ ಎಂದರೆ ಬಾಡಿಗೆದಾರ ಬರುತ್ತೇನೆಂದ ಹೊತ್ತು. ಅವಳು ಎಲ್ಲ ಬಿಟ್ಟು ಸೇತುವೆಯತ್ತ ಓಡುತ್ತಾಳೆ. ನೂರು ವರ್ಷ ಹಳೆಯ ಕಥೆಯೂ 1957ರ ಇಟಲಿಯೂ ಒಂದೇ ಕೋಣೆಯಲ್ಲಿ ಸಂಧಿಸುವ ಜಾಗ ಇದು.

ಇಟಲಿಯಲ್ಲಿ ರಷ್ಯದ ಬಿಳಿ ರಾತ್ರಿಗಳಿಲ್ಲ. ಇಟಾಲಿಯನ್ ನುಡಿಯಲ್ಲಿ ರಾತ್ರಿಯನ್ನು ಬಿಳಿಯಾಗಿ ಕಳೆಯುವುದೆಂದರೆ ನಿದ್ದೆಗೆಟ್ಟು ಕಳೆಯುವುದು. ಆ ಅರ್ಥದಲ್ಲಿ ಹೆಸರು ಹೊಂದುತ್ತದೆ. ಆದರೂ ವಿಸ್ಕೋಂತಿ ಕಥೆಗೆ ಅದರ ಬಿಳುಪನ್ನು ಕೊಟ್ಟೇ ತೀರಿದ. ಕಾಲವನ್ನು ಚಳಿಗಾಲಕ್ಕೆ ಸರಿಸಿದ ಆತ ಕೊನೆಯ ರಾತ್ರಿ ಹಿಮ ಸುರಿಸಿದ. ಮಾರಿಯೊ, ನತಾಲಿಯಾ ದೋಣಿಯಲ್ಲಿ ಹೋಗುವಾಗ ಸೇತುವೆಯ ಕೆಳಗೆ ಸೂರಿಲ್ಲದವರು ಮುದುಡಿ ಮಲಗಿರುವುದು ಕಾಣುತ್ತದೆ. ತುಸು ಹೊತ್ತಿಗೆ ಹಿಮ ಬೀಳತೊಡಗಿ ಮುರುಕು ಗೋಡೆ, ಕೊಳಕು ಓಣಿ ಎಲ್ಲವೂ ಬೆಳ್ಳಗಾಗುತ್ತವೆ. ಆ ಬಿಳುಪಿನಲ್ಲಿ ಇಬ್ಬರೂ ಮಕ್ಕಳಂತೆ ಓಡಾಡಿ ಬಾಳಿನ ಮಾತಾಡುತ್ತಾರೆ. ಅದೇ ಬಿಳುಪಿನ ನಡುವೆ, ಸೇತುವೆಯ ಬಳಿ, ಕಪ್ಪು ಕೋಟಿನ ಬಾಡಿಗೆದಾರ ನಿಂತಿದ್ದಾನೆ. ನತಾಲಿಯಾ ಓಡುತ್ತಾಳೆ, ಒಮ್ಮೆ ಮರಳಿ ಬಂದು ಮಾರಿಯೊಗೆ ವಿದಾಯ ಹೇಳಿ ಹೊರಟುಹೋಗುತ್ತಾಳೆ. ಮೂಲ ಕಥೆ ಮುಗಿಯುವುದು ಜೇಡರಬಲೆ ಕಟ್ಟಿದ ಕೋಣೆಯಲ್ಲಿ, ಅವಳು ಬರೆದ ಕಾಗದದೊಂದಿಗೆ. ಚಿತ್ರದ ಕೊನೆಯಲ್ಲಿ ಅಂಥ ಕಾಗದವಿಲ್ಲ. ಚಿತ್ರದ ಆರಂಭದಲ್ಲಿ ಕಂಡಿದ್ದ ಬೀದಿನಾಯಿ ಮತ್ತೆ ಎದುರಾಗುತ್ತದೆ. ಮಾರಿಯೊ ಅದರ ತಲೆ ಸವರಿ, ಅದರೊಡನೆ ಬೆಳಗಿನ ಬೀದಿಯಲ್ಲಿ ನಡೆದುಹೋಗುತ್ತಾನೆ. ನಿನೊ ರೋತನ ಸಂಗೀತ ಈ ದೃಶ್ಯದಲ್ಲಿ ಅಳಿಸಲು ಯತ್ನಿಸುವುದಿಲ್ಲ. ಆ ಸಂಯಮಕ್ಕೆ ಕೃತಜ್ಞರಾಗಿರಬೇಕು.

1957ರ ಸೆಪ್ಟೆಂಬರ್‌ನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದಾಗ ಚಿತ್ರಕ್ಕೆ ಬೆಳ್ಳಿ ಸಿಂಹ ಬಂತು. ಆ ವರ್ಷದ ಚಿನ್ನದ ಸಿಂಹ ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ ಪಾಲಾಯಿತು. ಬೀದಿಗೆ, ಹಳ್ಳಿಗೆ, ಕಾಶಿಯ ಘಾಟುಗಳಿಗೆ ಕ್ಯಾಮೆರಾ ಒಯ್ಯಬಹುದೆಂದು ರಾಯ್ ಕಲಿತದ್ದು ಇಟಲಿಯ ನವವಾಸ್ತವವಾದಿಗಳಿಂದ. ಬೀದಿಯಿಂದ ಬಂದ ಚಿತ್ರ ಚಿನ್ನ ಗೆದ್ದ ವರ್ಷವೇ ಆ ಮಾರ್ಗದ ಆದ್ಯರಲ್ಲೊಬ್ಬ ಸ್ಟುಡಿಯೋದ ಊರಿಗೆ ಬೆಳ್ಳಿ ಪಡೆದ. ಮಾಸ್ತ್ರೊಯಾನಿಗೆ ಇಟಲಿಯ ಚಿತ್ರ ಪತ್ರಕರ್ತರ ‘ನಾಸ್ತ್ರೊ ದಾರ್ಜೆಂತೊ’ ಪ್ರಶಸ್ತಿ ಸಂದಿತು; ಮೂರು ವರ್ಷದಲ್ಲಿ ‘ಲಾ ದೋಲ್ಚೆ ವೀತಾ’ ಅವನನ್ನು ಲೋಕಕ್ಕೆಲ್ಲ ಪರಿಚಯಿಸಿತು.

ಆಮೇಲೂ ಕಥೆ ಊರೂರು ತಿರುಗಿತು. ಸೋವಿಯತ್ ನಿರ್ದೇಶಕ ಇವಾನ್ ಪಿರ್ಯೆವ್ ಅದನ್ನು ಮಾಸ್‌ಫಿಲ್ಮ್‌ಗಾಗಿ ಬಣ್ಣದಲ್ಲಿ, ಮೂಲದ ಕಾಲದಲ್ಲೇ ಇಟ್ಟು ತೆಗೆದ. ಫ್ರಾನ್ಸಿನ ರೊಬೆರ್ ಬ್ರೆಸ್ಸೊನ್ 1971ರಲ್ಲಿ ಪ್ಯಾರಿಸ್ಸಿನ ಪೊಂ ನಫ್ ಸೇತುವೆಗೆ ಅದನ್ನು ಒಯ್ದ. ಅವನ ನಾಯಕ ತನ್ನ ಹಗಲುಗನಸುಗಳನ್ನು ಟೇಪ್ ರೆಕಾರ್ಡರಿಗೆ ಹೇಳಿಕೊಳ್ಳುವ ಚಿತ್ರಕಾರ. ಬ್ರೆಸ್ಸೊನ್ ನಿಜವಾದ ಬೀದಿಯನ್ನೇ ನಂಬಿದ. ವಿಸ್ಕೋಂತಿಯ ದಾರಿಗೆ ತೀರಾ ವಿರುದ್ಧವಾದ ದಾರಿ ಅದು, ಅಷ್ಟೇ ಗಟ್ಟಿಯಾದ ಚಿತ್ರ.

ಭಾರತದಲ್ಲಿ ಮನಮೋಹನ್ ದೇಸಾಯಿ ಅವರ ಮೊದಲ ಚಿತ್ರ, ರಾಜ್ ಕಪೂರ್ ಮತ್ತು ನೂತನ್ ನಟಿಸಿದ 1960ರ ‘ಛಲಿಯಾ’ದಲ್ಲಿ ಈ ಕಥೆಯ ಛಾಯೆಯನ್ನು ಗುರುತಿಸುವುದುಂಟು; ಅಲ್ಲಿ ದೇಶವಿಭಜನೆ ಗಂಡಹೆಂಡಿರನ್ನು ಅಗಲಿಸುತ್ತದೆ. ಎಸ್.ಪಿ. ಜನನಾಥನ್ 2003ರಲ್ಲಿ ತಮಿಳಿನಲ್ಲಿ ತೆಗೆದ ‘ಇಯರ್ಕೈ’ ಕಥೆಯನ್ನು ಕಡಲ ದಂಡೆಗೆ, ಹಡಗಿನವರ ನಡುವೆ ತಂದಿತು, ತಮಿಳಿನ ಉತ್ತಮ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. 2007ರ ನವೆಂಬರ್‌ನಲ್ಲಿ ಬಂದ ಸಂಜಯ್ ಲೀಲಾ ಬನ್ಸಾಲಿಯವರ ‘ಸಾವರಿಯಾ’ ಕಾಲುವೆ, ಸೇತುವೆ, ನಿಯಾನ್ ದೀಪಗಳ ಇಡೀ ಊರನ್ನು ಸೆಟ್ಟಿನಲ್ಲೇ ಕಟ್ಟಿ ನೀಲಿ ಬೆಳಕಿನಲ್ಲಿ ಮುಳುಗಿಸಿತು. ಅಲ್ಲಿ ಊರು ಗೆದ್ದು ಮನುಷ್ಯರು ಹಿಂದೆ ಸರಿದರು. ವಿಸ್ಕೋಂತಿಯ ಕಾಲುವೆಯ ದಡದಲ್ಲಿ ಬೀದಿನಾಯಿಗೂ ಮುರುಕು ಗೋಡೆಗೂ ಜಾಗವಿತ್ತು. ನೀಲಿ ಊರಿನಲ್ಲಿ ಅವಕ್ಕೆ ಜಾಗವಿರಲಿಲ್ಲ.

ಈ ಚಿತ್ರಗಳಲ್ಲಿ ಯಾವುದನ್ನು ನೋಡುವವರೂ ಮೊದಲು ದಾಸ್ತೊಯೆವ್‌ಸ್ಕಿಯ ಕಥೆಯನ್ನು ಓದಿಕೊಳ್ಳುವುದು ಒಳ್ಳೆಯದು. ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟೇ ಉದ್ದದ ಕಥೆ ಅದು.